ಕಾರಿನ ಹಳದಿ ದೀಪ ಹತ್ತಿತೇ? ಮೊದಲು ನಂಬರ್ ಕೇಳಿ!

ಬೆಳಗಿನ ಕೆಲಸವೆಲ್ಲ ಮುಗಿಸಿ, ಹೋಳಿಗೆ ಡಬ್ಬಿ, ಸೀರೆ ಕವರು, ಹೂವಿನ ಬುಟ್ಟಿ ಎಲ್ಲವನ್ನೂ ಹಿಂದಿನ ಸೀಟಿನಲ್ಲಿ ಜೋಡಿಸಿ, ಪಕ್ಕದಲ್ಲಿ ಅತ್ತೆಯವರನ್ನು ಕೂರಿಸಿಕೊಂಡು ನೀವೇ ಕಾರು ಓಡಿಸುತ್ತಾ ಹೊಸಪೇಟೆಯಿಂದ ಸಂಡೂರಿಗೆ ಹೊರಟಿದ್ದೀರಿ. ಮುಂದೊಂದು ಅದಿರಿನ ಲಾರಿ, ಹಿಂದೊಂದು ಅದಿರಿನ ಲಾರಿ, ನಡುವೆ ಕೆಂಪು ಧೂಳು. ಅಷ್ಟರಲ್ಲಿ ಸ್ಟೇರಿಂಗ್ ಹಿಂದಿನ ಮೀಟರ್ ಬೋರ್ಡಿನಲ್ಲಿ ಪುಟ್ಟದೊಂದು ಹಳದಿ ದೀಪ ಹತ್ತಿಕೊಳ್ಳುತ್ತದೆ. ಎಂಜಿನ್ ಚಿತ್ರದ ದೀಪ. ಕಾರಿನಲ್ಲಿ ಶಬ್ದವಿಲ್ಲ, ಹೊಗೆಯಿಲ್ಲ, ಓಟದಲ್ಲೂ ವ್ಯತ್ಯಾಸವಿಲ್ಲ. ಆದರೂ ಎದೆ ಧಸಕ್ ಅನ್ನುತ್ತದೆ, ಅಲ್ಲವೇ?

ನನಗೂ ಅಂದಿತ್ತು. ಸಂಡೂರಿನಲ್ಲಿ ನಾದಿನಿಯ ಮಗಳ ಕುಬುಸದ ಕಾರ್ಯ. "ಅದೇನವ್ವ, ಹಳದಿ ದೀಪ ಹತ್ತೈತೆ?" ಎಂದು ಅತ್ತೆಯವರು ಮೂರು ಸಲ ಕೇಳಿದರು. "ಏನಿಲ್ಲ ಅತ್ತೆ" ಎಂದು ಮೂರು ಸಲವೂ ಹೇಳಿದೆ. ನಿಜ ಹೇಳಬೇಕೆಂದರೆ ಏನು ಅಂತ ನನಗೂ ಗೊತ್ತಿರಲಿಲ್ಲ!

ಮಾರನೇ ದಿನ ಊರಿನ ಒಂದು ಗ್ಯಾರೇಜಿಗೆ ಹೋದೆ. "ಯಜಮಾನ್ರನ್ನ ಕಳಿಸ್ರಿ ಮೇಡಂ, ಅವರ ಹತ್ರ ಮಾತಾಡ್ತೀವಿ" ಎಂಬ ಸ್ವಾಗತ ಸಿಕ್ಕಿತು. ಯಜಮಾನರು ಬೆಂಗಳೂರಿನಲ್ಲಿದ್ದಾರೆ, ಕಾರು ಓಡಿಸುವವಳು ನಾನೇ ಎಂದ ಮೇಲೆ ಕೈಯಗಲದ ಸ್ಕ್ಯಾನರ್ ತಂದು ಹಾಕಿದರು. ಎರಡೇ ನಿಮಿಷ. "ಆಕ್ಸಿಜನ್ ಸೆನ್ಸರ್ ಹೋಗೈತ್ರಿ, ಬದಲಾಯಿಸಬೇಕು" ಅಂದರು. ಆ ತಿಂಗಳ ಚೀಟಿ ಕಟ್ಟಲು ಎತ್ತಿಟ್ಟಿದ್ದ ಏಳು ಸಾವಿರ ಚಿಲ್ಲರೆ ಅಲ್ಲೇ ಖಾಲಿಯಾಯಿತು. ದೀಪವೇನೋ ಆರಿತು. ನಾಲ್ಕನೇ ದಿನ ಕಂಪ್ಲಿಯಿಂದ ವಾಪಸು ಬರುವಾಗ ಮತ್ತೆ ಹತ್ತಿತು!

ಈ ಸಲ ಪಕ್ಕದ ಮನೆಯಾಕೆ ಹೇಳಿದ ಒಂದು ಸಣ್ಣ ಶೆಡ್ಡಿಗೆ ಹೋದೆ. ಅಲ್ಲಿನ ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆ: "ಹೋದ ಸಲ ನಂಬರ್ ಏನ್ ಬಂದಿತ್ತಕ್ಕ?" ನನ್ನ ಹತ್ತಿರ ಉತ್ತರವಿರಲಿಲ್ಲ. ಯಾರೂ ನಂಬರ್ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವರೂ ಸ್ಕ್ಯಾನರ್ ಹಾಕಿದರು. ಪಿ0135 ಎಂದು ಬಂತು. ಆಮೇಲೆ ಏನನ್ನೂ ಬಿಚ್ಚಲು ಹೋಗದೆ, ಟಾರ್ಚ್ ಹಿಡಿದು ಬಾನೆಟ್ಟಿನೊಳಗೆ ತಲೆ ಹಾಕಿದರು. "ಇಲ್ನೋಡ್ರಿ ಅಕ್ಕ, ಇಲಿ ಕಡ್ದೈತೆ." ಸೆನ್ಸರಿಗೆ ಹೋಗುವ ವೈರು ಅರ್ಧ ತುಂಡಾಗಿ ನೇತಾಡುತ್ತಿತ್ತು. ಬೆಸುಗೆ ಹಾಕಿ, ಮೇಲೊಂದು ತೋಳು ಸುತ್ತಿ ಮುನ್ನೂರು ರೂಪಾಯಿ ತೆಗೆದುಕೊಂಡರು. ಆ ದೀಪ ಮತ್ತೆ ಹತ್ತಿಲ್ಲ.

ಮೊದಲಿನವರು ಬೇಕೆಂತಲೇ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಸ್ಕ್ಯಾನರಿನಲ್ಲಿ ಸೆನ್ಸರಿನ ಹೆಸರು ಬಂತು, ಅವರು ಸೆನ್ಸರ್ ಬದಲಾಯಿಸಿದರು. ತೊಂದರೆ ಇರುವುದೇ ಅಲ್ಲಿ. ಪಿ0135 ಅಂದರೆ "ಸೆನ್ಸರ್ ಕೆಟ್ಟಿದೆ" ಅಂತ ಅರ್ಥವಲ್ಲ. "ಆಕ್ಸಿಜನ್ ಸೆನ್ಸರನ್ನು ಬಿಸಿ ಮಾಡುವ ವಿದ್ಯುತ್ ದಾರಿಯಲ್ಲಿ ಏನೋ ಸರಿಯಿಲ್ಲ" ಅಂತ ಅರ್ಥ. ಆ ದಾರಿಯಲ್ಲಿ ಸೆನ್ಸರ್ ಇದೆ, ವೈರ್ ಇದೆ, ಪ್ಲಗ್ಗಿನ ಪಿನ್ನುಗಳಿವೆ, ಫ್ಯೂಸ್ ಇದೆ. ಕೆಟ್ಟಿರುವುದು ಯಾವುದೂ ಇರಬಹುದು.

ಕುಕ್ಕರ್ ಕೂಗದಿದ್ದರೆ ನೀವೇನು ಮಾಡುತ್ತೀರಿ? ಸೀದಾ ಅಂಗಡಿಗೆ ಹೋಗಿ ಹೊಸ ಕುಕ್ಕರ್ ತರುತ್ತೀರಾ? ಗ್ಯಾಸ್ಕೆಟ್ ಸಡಿಲವಾಗಿದೆಯಾ, ವೆಯ್ಟ್‌ನ ತೂತಿನಲ್ಲಿ ಬೇಳೆ ಸಿಕ್ಕಿದೆಯಾ, ನೀರು ಹಾಕಲು ಮರೆತೆನಾ, ಸಿಲಿಂಡರೇ ಖಾಲಿಯಾ ಅಂತ ಒಂದೊಂದೇ ನೋಡುತ್ತೀರಿ. ಕಾರಿನ ನಂಬರೂ "ಕುಕ್ಕರ್ ಕೂಗುತ್ತಿಲ್ಲ" ಎಂಬ ದೂರು, ಅಷ್ಟೇ. ಕಾರಣ ಹುಡುಕುವ ಕೆಲಸ ಆಮೇಲೆ ಶುರುವಾಗಬೇಕು.

ಯಾವ ದೀಪಕ್ಕೆ ಎಷ್ಟು ಗಾಬರಿ?

ಮೊದಲು ದೀಪಗಳ ವಿಷಯ ತಿಳಿದುಕೊಳ್ಳಿ. ಬಣ್ಣ ನೋಡಿ. ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪ (ಆಯಿಲ್ ಒತ್ತಡ ಇಳಿದಿದೆ) ಅಥವಾ ಥರ್ಮಾಮೀಟರ್ ಚಿತ್ರದ ಕೆಂಪು ದೀಪ (ಎಂಜಿನ್ ಕಾದಿದೆ) ಹತ್ತಿದರೆ ಮನೆ ಇನ್ನು ಎರಡೇ ಕಿಲೋಮೀಟರ್ ಇದ್ದರೂ ಹೋಗಬೇಡಿ. ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ. ಏಪ್ರಿಲ್–ಮೇ ತಿಂಗಳ ನಮ್ಮ ಕಡೆಯ ಬಿಸಿಲಲ್ಲಿ ಏಸಿ ಹಾಕಿಕೊಂಡು ಸಂಡೂರಿನ ಏರು ಹತ್ತುವಾಗ ಕಾಟಾ ಮೇಲೇರುವುದು ಕಂಡರೆ, ಕೆಂಪು ಮುಟ್ಟುವ ಮೊದಲೇ ಏಸಿ ಆರಿಸಿ, ಹೀಟರ್ ಪೂರ್ತಿ ತಿರುಗಿಸಿ. ಎಂಜಿನ್ನಿನ ಒಂದಿಷ್ಟು ಬಿಸಿ ಒಳಗೆ ಬರುತ್ತದೆ, ನೀವು ಬೆವರುತ್ತೀರಿ, ಆದರೆ ಎಂಜಿನ್ ಉಳಿಯುತ್ತದೆ. ಕಾದಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಲೇಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಹಳದಿ ಎಂಜಿನ್ ದೀಪ, ಅಂದರೆ ಗ್ಯಾರೇಜಿನವರು 'ಚೆಕ್ ಲೈಟ್' ಅನ್ನುತ್ತಾರಲ್ಲ, ಅದು ಸುಮ್ಮನೆ ಹತ್ತಿಕೊಂಡಿದ್ದರೆ ಗಾಬರಿ ಬೇಡ. ಕಾರು ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಊರು ಸೇರಿ, ಒಂದೆರಡು ದಿನದಲ್ಲಿ ತೋರಿಸಿ. ಅದೇ ದೀಪ ಮಿಣುಕ್ ಮಿಣುಕ್ ಎನ್ನುತ್ತಿದೆಯಾ, ಕಾರು ಗಡಗಡ ನಡುಗುತ್ತಿದೆಯಾ? ಅದು ಬೇರೆ ಮಾತು. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ, ಅದನ್ನು ಕಾಯಿಸಿ ಹಾಳು ಮಾಡುತ್ತದೆ. ಅದರ ಬೆಲೆ ಕೇಳಿದರೆ ಒಂದು ಗ್ರಾಂ ಬಂಗಾರವೇ ಅಗ್ಗ ಅನ್ನಿಸೀತು! ವೇಗ ಇಳಿಸಿ, ಆದಷ್ಟು ಬೇಗ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಕರೆಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಬಹುದು. ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಒಬ್ಬರೇ ಇದ್ದು ಭಯವೆನಿಸಿದರೆ 112 ಇದ್ದೇ ಇದೆ.

ಇನ್ನೊಂದು ಮಾತು. ಕೀಲಿ ತಿರುಗಿಸಿದಾಗ, ಎಂಜಿನ್ ಶುರುವಾಗುವ ಮೊದಲು, ಈ ಹಳದಿ ದೀಪ ಒಮ್ಮೆ ಹತ್ತಲೇಬೇಕು. ಶುರುವಾದ ಮೇಲೆ ಆರಬೇಕು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಇದನ್ನು ಮರೆಯದೆ ಗಮನಿಸಿ. ಕೀಲಿ ತಿರುಗಿಸಿದರೂ ದೀಪ ಹತ್ತಲಿಲ್ಲವೆಂದರೆ, ದೀಪವನ್ನೇ ಯಾರೋ ಕೈ ಮಾಡಿ ಆರಿಸಿಟ್ಟಿರಬಹುದು.

ನಂಬರಿನಲ್ಲೇನಿದೆ?

ಕಾರು ತನ್ನ ಕಾಯಿಲೆಯನ್ನು ತಾನೇ ಬರೆದಿಟ್ಟುಕೊಳ್ಳುವ ಈ ವ್ಯವಸ್ಥೆಗೆ ಒಬಿಡಿ ಎಂದು ಹೆಸರು. ಹುಟ್ಟಿದ್ದು ಹೊಗೆಯ ಕಾರಣಕ್ಕೆ. ಕಾರುಗಳ ಹೊಗೆಯಿಂದ ಕಂಗೆಟ್ಟ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಮೊದಲು ಇದನ್ನು ಕಡ್ಡಾಯ ಮಾಡಿತು. 1996ರಿಂದ ಇಡೀ ಅಮೆರಿಕದ ಎಲ್ಲ ಕಾರುಗಳಿಗೂ ಒಂದೇ ರೀತಿಯ ಸಾಕೆಟ್, ಒಂದೇ ರೀತಿಯ ನಂಬರ್ ಬಂತು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್–4 ನಿಯಮದ ಜೊತೆ 2010ರಲ್ಲಿ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಜಾರಿಯಾಯಿತು. ಅಂದರೆ ನಿಮ್ಮ ಕೆಎ–35 ಕಾರು 2013ರ ನಂತರದ್ದಾದರೆ ಈ ಸೌಲಭ್ಯ ಅದರಲ್ಲಿದೆ.

ನಂಬರ್ ಓದುವುದು ಪಿನ್‌ಕೋಡ್ ಓದಿದಷ್ಟೇ ಸುಲಭ. ಮೊದಲು ಒಂದು ಅಕ್ಷರ. 'ಪಿ' ಬಂದರೆ ಎಂಜಿನ್–ಗೇರಿನ ದೂರು. 'ಬಿ' ಅಂದರೆ ಏರ್‌ಬ್ಯಾಗ್, ಬಾಗಿಲು ಇತ್ಯಾದಿ ಬಾಡಿಯದು. 'ಸಿ' ಅಂದರೆ ಬ್ರೇಕು, ಸ್ಟೇರಿಂಗ್ ಕಡೆಯದು. 'ಯು' ಅಂದರೆ ಕಾರಿನೊಳಗಿನ ಕಂಪ್ಯೂಟರುಗಳು ಒಂದಕ್ಕೊಂದು ಮಾತು ಬಿಟ್ಟಿವೆ ಅಂತ. ಆಮೇಲೆ ಸೊನ್ನೆ ಬಂದರೆ ಎಲ್ಲ ಕಂಪೆನಿಗಳಿಗೂ ಅರ್ಥ ಒಂದೇ; ಒಂದು ಬಂದರೆ ಆ ಕಂಪೆನಿಯದೇ ಸ್ವಂತ ಲೆಕ್ಕ, ಅವರ ಸರ್ವೀಸ್ ಪುಸ್ತಕವನ್ನೇ ನೋಡಬೇಕು. ಮೂರನೆಯ ಜಾಗದಲ್ಲಿ 1 ಅಥವಾ 2 ಇದ್ದರೆ ಗಾಳಿ–ಇಂಧನದ ವಿಚಾರ, 3 ಇದ್ದರೆ ಕಿಡಿ ಹಚ್ಚುವ ವಿಚಾರ, 4 ಇದ್ದರೆ ಹೊಗೆಯ ವಿಚಾರ.

ಒಂದು ಉದಾಹರಣೆ ನೋಡೋಣ. ಪಿ0301 ಬಂದರೆ ಒಂದನೇ ಸಿಲಿಂಡರಿನಲ್ಲಿ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಪಿ0302 ಅಂದರೆ ಎರಡನೆಯದರಲ್ಲಿ. ಪ್ಲಗ್ ಹೋಗಿದೆಯೋ, ಅದರ ಮೇಲಿನ ಕಾಯಿಲ್ ಹೋಗಿದೆಯೋ, ಇಂಜೆಕ್ಟರ್ ಕಟ್ಟಿದೆಯೋ? ಕಾಯಿಲ್ ಎಂದರೆ ಸಾವಿರಾರು ರೂಪಾಯಿಯ ಮಾತು. ಇಲ್ಲಿ ಜಾಣ ಮೆಕ್ಯಾನಿಕ್ ಒಂದು ಪೈಸೆ ಖರ್ಚಿಲ್ಲದ ಉಪಾಯ ಮಾಡುತ್ತಾನೆ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಕಾರಾದರೆ, ಒಂದನೆಯದರ ಕಾಯಿಲನ್ನು ತೆಗೆದು ಎರಡನೆಯದಕ್ಕೆ, ಎರಡನೆಯದರದ್ದನ್ನು ಒಂದಕ್ಕೆ ಹಾಕಿ ಕಾರು ಓಡಿಸಿ ನೋಡುತ್ತಾನೆ. ಈಗ ನಂಬರ್ ಪಿ0302 ಎಂದು ಬದಲಾದರೆ ಕಳ್ಳ ಕಾಯಿಲೇ. ಬದಲಾಗದೆ ಪಿ0301 ಎಂದೇ ಬಂದರೆ ಕಾಯಿಲ್ ನಿರಪರಾಧಿ, ಪ್ಲಗ್ ಅಥವಾ ಇಂಜೆಕ್ಟರ್ ಕಡೆ ನೋಡಬೇಕು. ಮಿಕ್ಸಿ ತಿರುಗದಿದ್ದಾಗ ಬೇರೆ ಸಾಕೆಟ್ಟಿಗೆ ಹಾಕಿ ನೋಡುತ್ತೀವಲ್ಲ, ಅದೇ ಬುದ್ಧಿ! "ಅದಲು ಬದಲು ಮಾಡಿ ನೋಡಿದ್ರಾ?" ಎಂದು ನೀವು ಕೇಳಿದರೆ ಎದುರಿನವರ ಧಾಟಿಯೇ ಬದಲಾಗುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ.

ನಮ್ಮೂರ ಕಾಯಿಲೆಗಳೇ ಬೇರೆ

ಕಂಪೆನಿಯ ಪುಸ್ತಕದಲ್ಲಿ ಬರೆದಿರುವುದು ಎಲ್ಲ ಊರಿಗೂ. ನಮ್ಮ ಕಡೆಯ ಕಾರುಗಳಿಗೆ ಬರುವ ಕಾಯಿಲೆಗಳಲ್ಲಿ ಕೆಲವು ಈ ಮಣ್ಣಿನವೇ. ಸಂಡೂರಿನ ಕೆಂಪು ಧೂಳನ್ನೇ ತೆಗೆದುಕೊಳ್ಳಿ. ಒಗೆದು ಹಾಕಿದ ಬಿಳಿ ಬಟ್ಟೆಯನ್ನೇ ಬಿಡದ ಧೂಳು ಎಂಜಿನ್ನಿನ ಏರ್ ಫಿಲ್ಟರನ್ನು ಬಿಟ್ಟೀತೇ? ಫಿಲ್ಟರ್ ಕಟ್ಟಿದರೆ ಎಂಜಿನ್ನಿಗೆ ಉಸಿರುಗಟ್ಟುತ್ತದೆ. ಫಿಲ್ಟರ್ ದಾಟಿ ಬಂದ ನಯವಾದ ಧೂಳು, ಕೆಲವು ಕಾರುಗಳಲ್ಲಿರುವ ಗಾಳಿ ಅಳೆಯುವ ಸೆನ್ಸರ್ ಮೇಲೆ ಕೂತರೆ ಅದು ತಪ್ಪು ಲೆಕ್ಕ ಕೊಡುತ್ತದೆ. ಆಗ ಪಿ0101 ಬರಬಹುದು. ಇಲ್ಲಿಯೂ "ಸೆನ್ಸರ್ ಬದಲಾಯಿಸಿ" ಎನ್ನುವ ಮೊದಲು ಫಿಲ್ಟರ್ ಬದಲಾಯಿಸಿ, ಸೆನ್ಸರನ್ನು ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ತೊಳೆದು ನೋಡಲು ಹೇಳಿ. ಬಟ್ಟೆಯಿಂದ ಒರೆಸಬಾರದು, ಒಳಗಿನ ತಂತಿ ಬಲು ನಾಜೂಕು. ವಾರಕ್ಕೆರಡು ಸಲ ಸಂಡೂರು, ತೋರಣಗಲ್ಲು ಕಡೆ ಓಡಾಡುವವರು ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಆಗುವವರೆಗೆ ಕಾಯದೆ ಫಿಲ್ಟರ್ ತೆಗೆಸಿ ನೋಡಿ. ಕೆಲವೇ ನೂರು ರೂಪಾಯಿಯ ಸಾಮಾನು.

ಕಂಪ್ಲಿ ಕಡೆ ಇಲಿ. ಭತ್ತದ ಗದ್ದೆ, ಅಕ್ಕಿ ಗಿರಣಿಗಳ ಊರು. ಸುಗ್ಗಿ ಮುಗಿದ ಮೇಲೆ ಇಲಿಗಳಿಗೆ ಬೆಚ್ಚಗಿನ ಎಂಜಿನ್ ಅಂದರೆ ಛತ್ರವಿದ್ದಂತೆ. ಹಾಗಂತ ಹೊಸಪೇಟೆಯ ಬಡಾವಣೆಗಳಲ್ಲಿ ಇಲಿ ಇಲ್ಲವೆಂದಲ್ಲ, ನನ್ನ ಕಾರಿನ ವೈರ್ ಕಡಿದದ್ದು ಯಾವ ಊರಿನ ಇಲಿಯೋ ಯಾರಿಗೆ ಗೊತ್ತು! ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ನಂಬರ್ ಒಟ್ಟಿಗೇ ಬಂದರೆ ಮೊದಲ ಅನುಮಾನ ವೈರಿನ ಮೇಲೂ ಬ್ಯಾಟರಿಯ ಮೇಲೂ ಇರಲಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಹಿಕ್ಕೆ, ಹುಲ್ಲು, ಕಡಿದ ಪ್ಲಾಸ್ಟಿಕ್ ಚೂರು ಕಾಣಿಸುತ್ತದೆಯೇ? ಕಾರು ನಿಲ್ಲಿಸುವ ಕಡೆ ಅಕ್ಕಿ ಮೂಟೆ, ನಾಯಿಗೆ ಹಾಕಿದ ಅನ್ನ ಇರದಂತೆ ನೋಡಿಕೊಳ್ಳಿ. ಕೆಳಗಿನಿಂದ ಜಾಲರಿ ಹಾಕಿಸಬಹುದು. ಹೊಗೆಸೊಪ್ಪಿನ ಎಲೆ ಇಟ್ಟರೆ ಇಲಿ ಬರುವುದಿಲ್ಲ ಅನ್ನುವವರಿದ್ದಾರೆ. ನಮ್ಮನೆ ಇಲಿ ಅದಕ್ಕೆ ಕ್ಯಾರೇ ಅನ್ನಲಿಲ್ಲ.

ಕಂಪ್ಲಿ ಅಂದಮೇಲೆ ಹೊಳೆಯ ಮಾತು ಬರಲೇಬೇಕು. ಟಿ.ಬಿ. ಡ್ಯಾಮಿನಿಂದ ಹೊಳೆಗೆ ಜಾಸ್ತಿ ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದು ನಿಮಗೆಲ್ಲ ಗೊತ್ತು. ಆಗ ಸುತ್ತಮುತ್ತಲ ರಸ್ತೆಗಳಲ್ಲೂ ನೀರು ನಿಂತಿರುತ್ತದೆ. ಆಳ ಗೊತ್ತಿಲ್ಲದ ನೀರಿಗೆ ಕಾರು ಇಳಿಸಬೇಡಿ. ಅಕಸ್ಮಾತ್ ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಮತ್ತೆ ಕೀಲಿ ತಿರುಗಿಸಲೇಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ, ಗಾಳಿಯಂತೆ ನೀರು ಕುಗ್ಗುವುದಿಲ್ಲವಲ್ಲ, ಒಳಗಿನ ಕಬ್ಬಿಣದ ರಾಡೇ ಬಾಗುತ್ತದೆ. ಆಮೇಲೆ ಯಾವ ನಂಬರ್ ನೋಡಿದರೂ ಪ್ರಯೋಜನವಿಲ್ಲ, ಎಂಜಿನ್ ಇಳಿಸಲೇಬೇಕು. ತಳ್ಳಿಸಿಕೊಂಡು ಹೊರಗೆ ತಂದು ಮೆಕ್ಯಾನಿಕ್ಕಿಗೆ ಬಿಡಿ.

ಹಂಪಿಯ ಕಥೆ ಇನ್ನೊಂದು ತರಹ. ಬೆಂಗಳೂರಿನಿಂದ ನೆಂಟರು ಬಂದರೆ ಹಂಪಿ ತೋರಿಸಲೇಬೇಕಲ್ಲ! ಹೊಸಪೇಟೆಯಿಂದ 13 ಕಿಲೋಮೀಟರ್, ಹಂಪು, ಜನ, ಆಟೊಗಳ ನಡುವೆ ಎರಡನೇ ಮೂರನೇ ಗೇರಿನ ಓಟ. ಉಳಿದ ದಿನ ಮಕ್ಕಳ ಶಾಲೆ, ತರಕಾರಿ ಮಾರ್ಕೆಟ್. ಪೆಟ್ರೋಲ್ ಕಾರಿಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಆದರೆ ನಿಮ್ಮದು 2020ರ ಏಪ್ರಿಲ್ ನಂತರದ ಬಿಎಸ್–6 ಡೀಸೆಲ್ ಕಾರಾದರೆ ಗಮನವಿರಲಿ. ಅದರ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜರಡಿ ಇದೆ, ಡಿಪಿಎಫ್ ಅನ್ನುತ್ತಾರೆ. ಜರಡಿ ತುಂಬಿದಾಗ ಕಾರು ತಾನೇ ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ, ಆದರೆ ಅದಕ್ಕೆ ಕೊಳವೆ ಚೆನ್ನಾಗಿ ಕಾಯಬೇಕು. ಬರೀ ಚಿಕ್ಕ ಚಿಕ್ಕ ಓಟದಲ್ಲಿ ಕಾಯುವುದೇ ಇಲ್ಲ. ಮೊದಲು ಡಿಪಿಎಫ್ ದೀಪ, ಆಮೇಲೆ ಎಂಜಿನ್ ದೀಪ, ಪಿ2463 ಅಂದರೆ ಮಸಿ ಜಾಸ್ತಿಯಾಗಿದೆ ಎಂಬ ನಂಬರ್. ಡಿಪಿಎಫ್ ದೀಪ ಮಾತ್ರ ಹತ್ತಿದ ಹಂತದಲ್ಲೇ ಚಿತ್ರದುರ್ಗದ ಕಡೆಗಿನ ಹೆದ್ದಾರಿಯಲ್ಲಿ ಒಂದೇ ಸಮ ವೇಗದಲ್ಲಿ ಇಪ್ಪತ್ತು–ಇಪ್ಪತ್ತೈದು ನಿಮಿಷ ಓಡಿಸಿ, ನಡುವೆ ಆರಿಸಬೇಡಿ. ಎಷ್ಟು ವೇಗವಿರಬೇಕು ಎಂಬುದು ನಿಮ್ಮ ಕಾರಿನ ಪುಸ್ತಕದಲ್ಲಿದೆ. ಬಹಳಷ್ಟು ಸಲ ಅಷ್ಟಕ್ಕೇ ದೀಪ ಆರುತ್ತದೆ. ಯಜಮಾನರಿಗೆ ಹೇಳಿ, "ಕಾರಿನ ಆರೋಗ್ಯಕ್ಕಾಗಿ" ಒಂದು ಲಾಂಗ್ ಡ್ರೈವ್!

ಮನೆಯಲ್ಲೇ ನೋಡಬಹುದೇ?

ಖಂಡಿತ. ಸ್ಟೇರಿಂಗ್ ಕೆಳಗೆ, ನಿಮ್ಮ ಮೊಣಕಾಲಿನ ಆಸುಪಾಸಿನಲ್ಲಿ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಸಾಧನ ಐನೂರರಿಂದ ಸಾವಿರ, ಒಂದೂವರೆ ಸಾವಿರದೊಳಗೆ ಸಿಗುತ್ತದೆ. ಮೊಬೈಲಿಗೆ ಒಂದು ಉಚಿತ ಆ್ಯಪ್ ಹಾಕಿಕೊಂಡರೆ ನಂಬರ್ ಅಲ್ಲೇ ಕಾಣುತ್ತದೆ. ಅಗ್ಗದ ಸಾಧನಗಳು ಎಲ್ಲ ಕಾರಿಗೂ ಹೊಂದುವುದಿಲ್ಲ, ನಿಮ್ಮ ಮಾಡೆಲಿಗೆ ಆಗುತ್ತದೆಯೇ ಎಂದು ವಿಚಾರಿಸಿ ಕೊಳ್ಳಿ. ನೋಡಿದ ಮೇಲೆ ತೆಗೆದಿಡಿ. ಅಲ್ಲೇ ಬಿಟ್ಟರೆ ನಿಂತ ಕಾರಿನ ಬ್ಯಾಟರಿ ಇಳಿಯಬಹುದು.

ಆ್ಯಪ್‌ನಲ್ಲಿ 'ಕ್ಲಿಯರ್' ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತುವ ಆಸೆ ಎಲ್ಲರಿಗೂ ಆಗುತ್ತದೆ, ಬೇಡ. ದೀಪ ಹತ್ತಿದ ಆ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು ಎಂಬುದನ್ನೆಲ್ಲ ಕಾರು ಒಂದು ಫೋಟೊದಂತೆ ತೆಗೆದಿಟ್ಟಿರುತ್ತದೆ. ಕ್ಲಿಯರ್ ಮಾಡಿದರೆ ನಂಬರಿನ ಜೊತೆ ಆ ಫೋಟೊವೂ ಹೋಗುತ್ತದೆ. ಬ್ಯಾಟರಿ ವೈರ್ ಬಿಚ್ಚಿ ಹಾಕಿ "ಸರಿಯಾಯ್ತು ನೋಡ್ರಿ" ಎನ್ನುವವರು ಮಾಡುವುದೂ ಇದನ್ನೇ. ಜ್ವರದ ಮಗುವಿನ ಕೈಯಿಂದ ಥರ್ಮಾಮೀಟರ್ ಕಿತ್ತುಕೊಂಡ ಹಾಗೆ. ಬಹಳಷ್ಟು ದೋಷಗಳು ಎರಡು ಓಟದಲ್ಲಿ ಬೆನ್ನು ಬೆನ್ನಿಗೆ ಕಂಡರೆ ಮಾತ್ರ ದೀಪ ಹತ್ತಿಸುವಂಥವು. ಅದಕ್ಕೇ ನನ್ನ ಕಾರು ನಾಲ್ಕು ದಿನ ಸುಮ್ಮನಿದ್ದದ್ದು.

ಗ್ಯಾರೇಜಿನಲ್ಲಿ ಏನು ಹೇಳಬೇಕು? ಸ್ಕ್ಯಾನರ್ ಹಾಕಿದ ಕೂಡಲೇ ಪರದೆಯ ಫೋಟೊ ತೆಗೆದುಕೊಳ್ಳಿ. ಯಾರೂ ಬೇಡ ಅನ್ನುವುದಿಲ್ಲ. ಅಂದರೆ ಕಾರು ತೆಗೆದುಕೊಂಡು ಬನ್ನಿ. "ಇದು ಬದಲಾಯಿಸಬೇಕು" ಎಂದರೆ, "ಇದೇ ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು? ವೈರ್, ಫ್ಯೂಸ್ ನೋಡಿದ್ರಾ?" ಎಂದು ಕೇಳಿ. ಸಿಟ್ಟಿನಿಂದ ಬೇಡ, ತರಕಾರಿಯವನ ಹತ್ತಿರ "ಬದನೆಕಾಯಿ ಹುಳುಕಿಲ್ಲ ತಾನೇ?" ಎಂದು ಕೇಳುವ ಹಾಗೆ. ಬದಲಾಯಿಸಿದ ಹಳೇ ಸಾಮಾನನ್ನು ಕೇಳಿ ಪಡೆದುಕೊಳ್ಳಿ. ನಾನು ಪಡೆದಿರಲಿಲ್ಲ, ಹಾಗಾಗಿ ನನ್ನ ಹಳೇ ಸೆನ್ಸರ್ ಚೆನ್ನಾಗಿತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಬಿಲ್ಲಿನಲ್ಲಿ ನಂಬರ್ ಬರೆಸಿ. ಕಾರಿಗೆ ಇನ್ನೂ ವಾರಂಟಿ ಇದ್ದರೆ ಹೊರಗಿನವರ ಕೈಯಲ್ಲಿ ವೈರ್ ಕತ್ತರಿಸಲು ಬಿಡದೆ ಕಂಪೆನಿಯ ಸರ್ವೀಸ್ ಸೆಂಟರಿಗೇ ಹೋಗಿ. ದುಡ್ಡು ಕಟ್ಟಿಯೂ ಕೆಲಸವಾಗಿಲ್ಲ, ಕೇಳಿದರೆ ಜವಾಬಿಲ್ಲ ಎನ್ನುವ ಪರಿಸ್ಥಿತಿ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಬಿಲ್ ಹಿಡಿದುಕೊಂಡೇ ಫೋನ್ ಮಾಡಿ.

ರಿಪೇರಿಯಾದ ಮೇಲೆ ಎರಡು ಮೂರು ದಿನ ಎಂದಿನ ದಾರಿಯಲ್ಲೇ ಓಡಿಸಿ ನೋಡಿ. ಆಮೇಲೂ ದೀಪ ಬಾರದಿದ್ದರೆ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ತಾರೀಖು, ನಂಬರ್, ಏನು ಮಾಡಿಸಿದಿರಿ, ಎಷ್ಟಾಯಿತು ಎಂದು ಬರೆದು ಕಾರಿನ ಮುಂದಿನ ಡಬ್ಬಿಯಲ್ಲಿಡಿ. ಹಾಲಿನ ಲೆಕ್ಕ ಬರೆಯುವ ನಮಗೆ ಇದೇನು ಹೊಸದಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಈಗ ಮೂರು ಸಾಲುಗಳಿವೆ. ಮೂರನೆಯದು ನಮ್ಮ ಅತ್ತೆಯವರೇ ದೀಪ ಮೊದಲು ಕಂಡು, "ನಂಬರ್ ನೋಡವ್ವ" ಅಂದದ್ದು.